ಸೆಂಟ್ರಲ್ ಕಾಲೇಜಿನ ಸೀಸೆಗಳು



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಕುರಿತು ಮಾತನಾಡುವುದು ವಾಡಿಕೆ. ಆ ಮಾತುಗಳನ್ನು ನಾವು ದಿನವಿಡೀ ಆಡುತ್ತಲೇ ಇರುತ್ತೇವೆ. ಸಂಜೆಯೂ ಆಡಿದರೆ ಕೇಳುವವರಿಗೂ ಆಯಾಸ, ನಮಗೂ ಆಯಾಸ. ಆದಕಾರಣ ಇಂದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಒಂದು ಕಾಲಕ್ಕೆ ಇದ್ದು, ಅನಂತರ ಇಲ್ಲವಾದ ಕೆಲವು ಕಪ್ಪೆಗಳ ಚರಿತ್ರೆಯನ್ನು ತಮ್ಮ ಮುಂದಿಡಬೇಕೆಂದಿದ್ದೇವೆ. ಕಪ್ಪೆಗೂ ಚರಿತ್ರೆಯೇ ಎಂದು ನಗುವವರು ಸ್ವಲ್ಪ ಹೊತ್ತು ತಾಳ್ಮೆ ವಹಿಸಬೇಕು.

ತಮ್ಮಲ್ಲಿ ಅನೇಕರು ಮಕ್ಕಳನ್ನು ಶಾರ್ಜಾದ ಮರುಭೂಮಿ ಉದ್ಯಾನಕ್ಕೆ ಕರೆದೊಯ್ದಿರಬಹುದು. ಅಲ್ಲಿ 1995ರಲ್ಲಿ ತೆರೆದ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ ಈ ನೆಲದ ಪ್ರಾಣಿಗಳನ್ನು ಅಚ್ಚುಕಟ್ಟಾಗಿ ನಿಲ್ಲಿಸಿದ್ದಾರೆ. ಮಕ್ಕಳು ಕೇಳುವ ಮೊದಲ ಪ್ರಶ್ನೆ ಒಂದೇ: ಇದು ನಿಜವಾದ ಪ್ರಾಣಿಯೇ? ನಮ್ಮ ದೃಷ್ಟಿಯಲ್ಲಿ ಇದು ಬಹಳ ಜಾಣ ಪ್ರಶ್ನೆ. ವಸ್ತುಸಂಗ್ರಹಾಲಯದ ಪ್ರಾಣಿಗಳಲ್ಲಿ ನೋಡುವವರಿಗಾಗಿ ಗಾಜಿನ ಹಿಂದೆ ನಿಲ್ಲಿಸಿದವು ಕೆಲವು. ಪರೀಕ್ಷಿಸುವವರಿಗಾಗಿ ಬೀರುವಿನಲ್ಲಿ ಇರಿಸಿದವು ಕೆಲವು. ಜನ ಮೊದಲನೆಯದನ್ನು ಬಲ್ಲರು. ವಿದ್ಯೆ ನಿಂತಿರುವುದು ಎರಡನೆಯದರ ಮೇಲೆ.

ಮೊದಲನೆಯ ಬಗೆಯಲ್ಲಿ ನಮ್ಮ ಮೈಸೂರಿಗೆ ಲೋಕಖ್ಯಾತಿ ಇತ್ತು. ಡಚ್ ಮೂಲದ ಯೂಜೀನ್ ವಾನ್ ಇಂಗೆನ್ ಎಂಬುವರು 1900ರ ಸುಮಾರಿಗೆ ಅಲ್ಲಿ ಆರಂಭಿಸಿದ ಕಾರ್ಖಾನೆಯಲ್ಲಿ ಹುಲಿ ಚಿರತೆಗಳ ಚರ್ಮವನ್ನು ಹದಮಾಡಿ, ಕಾಗದದ ಮುದ್ದೆಯಿಂದ ಅಚ್ಚು ಹೊಯ್ದ ಮೈಗೆ ಹೊದಿಸಿ, ಗಾಜಿನ ಕಣ್ಣಿಟ್ಟು ನಿಲ್ಲಿಸುತ್ತಿದ್ದರು. ಯೂಜೀನರು ತಮ್ಮ ಗಂಡುಮಕ್ಕಳಿಗೆ ಬೋಥಾ, ಡಿವೆಟ್, ಜುಬೇರ್ ಎಂದು ಬೋಯರ್ ಸೇನಾಪತಿಗಳ ಹೆಸರಿಟ್ಟಿದ್ದರು; ಬ್ರಿಟಿಷರ ಆಳ್ವಿಕೆಯಲ್ಲಿ ಇದೊಂದು ಸಣ್ಣ ಧೈರ್ಯವೇ ಸರಿ. ಮಕ್ಕಳು ತಂದೆಯ ಕಸುಬನ್ನು ಬೆಳೆಸಿದರು. ಮಹಾರಾಜರುಗಳಿಂದ ಹಿಡಿದು ಪಾಶ್ಚಾತ್ಯ ಬೇಟೆಗಾರರವರೆಗೆ ಎಲ್ಲರೂ ಅವರ ಗಿರಾಕಿಗಳು. ಆ ಕಾರ್ಖಾನೆಯ ಕೈಗೆ ಬಂದ ಹುಲಿ ಚಿರತೆಗಳೇ ನಲವತ್ತು ಸಾವಿರಕ್ಕೂ ಹೆಚ್ಚೆಂದು ಅಂದಾಜು ಮಾಡಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕೆಲಸ ಕುಗ್ಗಿತು. 1999ರಲ್ಲಿ ಬಾಗಿಲು ಮುಚ್ಚಿತು. ಸೋದರರಲ್ಲಿ ಕೊನೆಯವರಾದ ಜುಬೇರರು ನೂರು ವರ್ಷ ಬಾಳಿ 2013ರಲ್ಲಿ ತೀರಿಕೊಂಡರು. ಅವರ ಕೈಯ ಹುಲಿಗಳು ಇಂದಿಗೂ ಲೋಕದ ಎಷ್ಟೋ ಗೋಡೆಗಳ ಮೇಲೆ ಹಲ್ಲು ತೋರಿಸುತ್ತಿವೆ. ಹುಲಿ ಉಳಿಯುವುದು ಸುಲಭ; ಅದನ್ನು ಧೂಳು ಒರೆಸಿ ಕಾಯುವ ಹೆಮ್ಮೆಯ ಒಡೆಯನೊಬ್ಬ ಇದ್ದೇ ಇರುತ್ತಾನೆ. ಕಪ್ಪೆಗೆ ಅಂಥ ಒಡೆಯನಿಲ್ಲ.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರ ಜುಲೈ 27ರಂದು. ಕಲಾ ವಿಷಯಗಳು ಮೈಸೂರಿನ ಮಹಾರಾಜಾ ಕಾಲೇಜಿಗೆ, ವಿಜ್ಞಾನ ವಿಷಯಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಎಂಬುದು ಆಗಿನ ಏರ್ಪಾಡು. ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗವನ್ನು ಕಟ್ಟಿದವರು ಸಿ. ಆರ್. ನಾರಾಯಣ ರಾಯರು. 1882ರಲ್ಲಿ ಹುಟ್ಟಿ, ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿ, 1960ರಲ್ಲಿ ನಿಧನರಾದ ಈ ಮಹನೀಯರನ್ನು ಇಂದು ಬಲ್ಲವರು ಕಡಮೆ. ಬಲ್ಲವರೂ 1932ರಲ್ಲಿ ಬೆಂಗಳೂರಿನಿಂದ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೆಂದು ಮಾತ್ರ ನೆನೆಯುತ್ತಾರೆ. ಆದರೆ ರಾಯರ ಮನಸ್ಸು ನೆಟ್ಟಿದ್ದುದು ಕಪ್ಪೆಗಳಲ್ಲಿ. ಅವರಲ್ಲಿ ಕಲಿತ ಎಲ್. ಎಸ್. ರಾಮಸ್ವಾಮಿಯವರು ಕಪ್ಪೆಯ ತಲೆಬುರುಡೆಯ ರಚನೆಯನ್ನು ಶೋಧಿಸಿ ಹೆಸರಾದರು. ರಾಮಣ್ಣ ಎಂಬ ಇನ್ನೊಬ್ಬ ಶಿಷ್ಯರೊಡನೆ 1925ರಲ್ಲಿ ಬರೆದ ಲೇಖನದಲ್ಲಿ ರಾಯರು ಹೊಸತೊಂದು ಕಪ್ಪೆ ಕುಲಕ್ಕೆ ರಾಮನೆಲ್ಲಾ ಎಂದು ಶಿಷ್ಯನ ಹೆಸರನ್ನೇ ಇಟ್ಟರು. ಗುರುವಿನ ಹೆಸರನ್ನು ಶಿಷ್ಯರು ಇಡುವುದು ಲೋಕರೂಢಿ. ಇಲ್ಲಿ ನಡೆದದ್ದು ಅದರ ತಿರುವುಮುರುವು.

ಆ ಕಾಲದಲ್ಲಿ ಘಟ್ಟದ ಕಾಡುಗಳಿಗೆ ಹೋಗಿಬರುವುದು ಇಂದಿನಂತಲ್ಲ. ಮಳೆ, ಜಿಗಣೆ, ಮಲೇರಿಯ. ಹಾಗಿದ್ದೂ ಕೊಡಗು, ಹಾಸನ, ಕಡೂರು, ಶಿವಮೊಗ್ಗ ಸೀಮೆಗಳಿಂದ ರಾಯರ ಮೇಜಿಗೆ ಕಪ್ಪೆಗಳು ಬಂದವು. 1920ರಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿಯೂ, 1937ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿಯೂ ಅವರು ಅನೇಕ ಹೊಸ ಜಾತಿಗಳನ್ನು ವರ್ಣಿಸಿದರು. ಆ ಕಪ್ಪೆಗಳನ್ನು ಸೀಸೆಗಳಲ್ಲಿಟ್ಟು ಸೆಂಟ್ರಲ್ ಕಾಲೇಜಿನ ಸಂಗ್ರಹದಲ್ಲಿಯೇ ಉಳಿಸಿದರು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಹೊಸ ಪ್ರಾಣಿಯೊಂದಕ್ಕೆ ವಿಜ್ಞಾನಿ ಹೆಸರಿಟ್ಟಾಗ ಆ ಹೆಸರು ಅವನು ಕೈಯಲ್ಲಿ ಹಿಡಿದು ವರ್ಣಿಸಿದ ಆ ಒಂದು ದೇಹಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ಟೈಪ್, ಎಂದರೆ ಮೂಲ ಮಾದರಿ, ಎನ್ನುತ್ತಾರೆ. ಮುಂದೆ ನೂರು ವರ್ಷ ಕಳೆದು ಯಾರಿಗಾದರೂ ‘ಈ ಕಪ್ಪೆ ಅದೇ ಕಪ್ಪೆಯೋ ಬೇರೆಯೋ’ ಎಂಬ ಅನುಮಾನ ಬಂದರೆ ಪುಸ್ತಕದ ವರ್ಣನೆ ಸಾಲದು. ಮೂಲ ಮಾದರಿಯನ್ನು ತೆಗೆದು ಬೆರಳ ತುದಿಯ ಬಿಲ್ಲೆ, ಕಾಲ್ಬೆರಳ ನಡುವಣ ಪೊರೆ, ನಾಲಗೆಯ ಆಕಾರಗಳನ್ನು ಹೋಲಿಸಿ ನೋಡಬೇಕು. ವೈದ್ಯರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ವಿದೇಶದಲ್ಲಿ ರೆಸಿಡೆನ್ಸಿ ಮಾಡುವಾಗ ನಾವು ಕಲಿತ ಮೊದಲ ಶಿಸ್ತು ಅದೇ: ರೋಗಿ ಹಳಬನಾದರೆ ಹಿಂದಿನವರು ಬರೆದ ವರದಿಯನ್ನು ಓದಿ ತೃಪ್ತರಾಗದೆ, ಹಳೆಯ ಬಯಾಪ್ಸಿಯ ಗಾಜಿನ ಪಟ್ಟಿಯನ್ನೇ ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಮತ್ತೆ ನೋಡುವುದು. ವರದಿಯಲ್ಲಿರುವುದು ಒಬ್ಬರ ಅಭಿಪ್ರಾಯ. ಪಟ್ಟಿ ಸಾಕ್ಷ್ಯ.

ಇನ್ನು ಸೀಸೆಯ ಆರೈಕೆ. ಫಾರ್ಮಲಿನ್ ಮಾಂಸವನ್ನು ಗಟ್ಟಿಗೊಳಿಸುತ್ತದೆಂಬುದನ್ನು ಜರ್ಮನಿಯ ಫರ್ಡಿನಂಡ್ ಬ್ಲುಮ್ ಎಂಬ ವೈದ್ಯನು 1893ರಲ್ಲಿ ಪ್ರಕಟಿಸಿದ. ಅಂದಿನಿಂದ ನಮ್ಮ ವೈದ್ಯಕೀಯ ಕಾಲೇಜುಗಳ ಅಂಗರಚನಾ ಶಾಲೆಗಳಿಗೆಲ್ಲ ಆ ಕಣ್ಣುರಿಸುವ ವಾಸನೆ ಬಂತು. ಶೇಕಡ 10ರ ಫಾರ್ಮಲಿನ್‌ನಲ್ಲಿ ಗಟ್ಟಿಮಾಡಿ, ತೊಳೆದು, ಶೇಕಡ 70ರ ಆಲ್ಕೊಹಾಲಿನಲ್ಲಿ ಇಡುವುದು ಕ್ರಮ. ಫಾರ್ಮಲಿನ್‌ನಲ್ಲಿಯೇ ಬಿಟ್ಟರೆ ಅದು ಆಮ್ಲವಾಗಿ ಎಲುಬಿನ ಸುಣ್ಣವನ್ನು ಕರಗಿಸುತ್ತದೆ. ಆಲ್ಕೊಹಾಲೋ, ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ಆರುತ್ತದೆ. ವರ್ಷಕ್ಕೊಮ್ಮೆಯಾದರೂ ಯಾರಾದರೂ ನೋಡಿ ತುಂಬಬೇಕು. ತುಂಬದಿದ್ದರೆ ಕಪ್ಪೆ ಒಣಗಿ ಕರಿಯ ಚಕ್ಕೆಯಾಗುತ್ತದೆ, ಚೀಟಿಯ ಅಕ್ಷರ ಮಾಸುತ್ತದೆ. ಚೀಟಿಯಿಲ್ಲದ ಸೀಸೆ ಹೆಸರಿಲ್ಲದ ಹೆಣದಂತೆ. ಯಾರೂ ಅದಕ್ಕೆ ಬಾಧ್ಯರಲ್ಲ. ಕಟ್ಟಡ ಬದಲಾಗುವ ದಿನ ಅಂಥವು ಮೊದಲು ಹೊರಬೀಳುತ್ತವೆ.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಪ್ರತ್ಯೇಕವಾಗಿ ಸ್ಥಾಪನೆಯಾಯಿತು, ಸೆಂಟ್ರಲ್ ಕಾಲೇಜು ಅದಕ್ಕೆ ಸೇರಿತು. 1980ರ ದಶಕದಲ್ಲಿ ಫ್ರಾನ್ಸಿನ ಅಲೇನ್ ದ್ಯುಬುವಾ ಮೊದಲಾದ ವಿದ್ವಾಂಸರು ಭಾರತದ ಕಪ್ಪೆಗಳ ಹೆಸರುಗಳನ್ನು ಮತ್ತೆ ಪರಿಶೀಲಿಸಿದಾಗ ನಾರಾಯಣ ರಾಯರ ಮೂಲ ಮಾದರಿಗಳು ಸಿಗಲಿಲ್ಲ. ಅವು ಕಳೆದುಹೋಗಿವೆಯೆಂದೇ ಶಾಸ್ತ್ರಗ್ರಂಥಗಳಲ್ಲಿ ದಾಖಲಾಗಿದೆ. ಬ್ರಿಟಿಷ್ ವಿದ್ವಾಂಸ ಬುಲಾಂಜೆ ಲಂಡನ್ನಿನಲ್ಲಿ ಕುಳಿತು ಹೆಸರಿಟ್ಟ ದಕ್ಷಿಣ ಭಾರತದ ಕಪ್ಪೆಗಳು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇವೆ. ನಮ್ಮವರೇ ಹೆಸರಿಟ್ಟು ನಮ್ಮ ನೆಲದಲ್ಲಿ ಇರಿಸಿಕೊಂಡವು ಇಲ್ಲ. ಈ ಮಾತು ಆಡುವುದಕ್ಕೆ ಕಹಿ. ಹಾಗಾದರೆ ರಾಯರು ಲಂಡನ್ನಿಗೆ ಕಳುಹಿಸಬೇಕಿತ್ತೇ ಎಂದು ಕೆಲವರು ಕೇಳಬಹುದು. ಕಳುಹಿಸದೆ ಇದ್ದದ್ದೇ ಸರಿ ಎಂದು ನಮ್ಮ ಅಭಿಪ್ರಾಯ. ಕಡೂರಿನ ಕಪ್ಪೆಯನ್ನು ನೋಡಲು ಬೆಂಗಳೂರಿನ ವಿದ್ಯಾರ್ಥಿ ಹಡಗು ಹತ್ತಬಾರದೆಂಬ ಸ್ವಾಭಿಮಾನ ಅದರಲ್ಲಿತ್ತು. ಇಟ್ಟವರದು ತಪ್ಪಲ್ಲ, ಆಮೇಲೆ ಮುಚ್ಚಳ ತೆರೆದು ನೋಡದವರದು.

ಇಂಥ ಅಸಡ್ಡೆ ನಮ್ಮವರ ಸೊತ್ತು ಮಾತ್ರವೆಂದು ಭಾವಿಸಬೇಕಾಗಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಡೋಡೋ ಹಕ್ಕಿಯ ಕಥೆ ಕೇಳಿ. ಮಾರಿಷಸ್ಸಿನ ಈ ಹಾರಲಾರದ ಹಕ್ಕಿ ಹದಿನೇಳನೆಯ ಶತಮಾನದಲ್ಲಿಯೇ ಅಳಿದುಹೋಯಿತು. ಜಹಾಂಗೀರನ ಆಸ್ಥಾನದ ಮನ್ಸೂರ್ ಬರೆದನೆನ್ನಲಾದ ಅದರ ಚಿತ್ರವೊಂದು ರಷ್ಯದಲ್ಲಿದೆ. ಹಿಂದೂ ಮಹಾಸಾಗರ ದಾಟಿ ಹಿಂದೂಸ್ಥಾನಕ್ಕೂ ಡೋಡೋ ಬಂದಿತ್ತೆಂದು ಅದರಿಂದ ತಿಳಿಯುತ್ತದೆ. ಇಂಗ್ಲೆಂಡಿಗೆ ಹೋದ ಒಂದು ಡೋಡೋ ಟ್ರೇಡ್‌ಸ್ಕಂಟ್ ಎಂಬುವರ ಸಂಗ್ರಹದ ಮೂಲಕ 1683ರಲ್ಲಿ ತೆರೆದ ಆಶ್ಮೋಲಿಯನ್ ವಸ್ತುಸಂಗ್ರಹಾಲಯಕ್ಕೆ ಸೇರಿತು. ಹುಳು ಹಿಡಿದು ಕೊಳೆತದ್ದರಿಂದ 1755ರ ಸುಮಾರಿಗೆ ದೇಹವನ್ನು ತೆಗೆದುಹಾಕಿದರು. ಯಾರೋ ಪುಣ್ಯಾತ್ಮರು ತಲೆಯನ್ನೂ ಒಂದು ಪಾದವನ್ನೂ ಉಳಿಸಿದರು. 1860ರಲ್ಲಿ ಆಕ್ಸ್‌ಫರ್ಡಿನ ಹೊಸ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯ ತೆರೆದಾಗ ಅವು ಅಲ್ಲಿಗೆ ಬಂದವು. ಇಡೀ ಜಗತ್ತಿನಲ್ಲಿ ಚರ್ಮವೂ ಮಾಂಸದ ಎಳೆಯೂ ಉಳಿದಿರುವ ಡೋಡೋ ಅದೊಂದೇ. ಅದರಿಂದಲೇ ಡಿ.ಎನ್.ಎ. ತೆಗೆದು ಡೋಡೋ ಪಾರಿವಾಳದ ನೆಂಟನೆಂದು ತೋರಿಸಿದರು. 2018ರಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದಾಗ ತಲೆಯ ಹಿಂಬದಿಯಲ್ಲಿ ಸೀಸದ ಗುಂಡಿನ ಹರಳುಗಳು ಕಂಡವು. ಮುನ್ನೂರು ವರ್ಷಗಳಿಗೂ ಮಿಕ್ಕಿದ ರೋಗಿಯ ಮರಣಕಾರಣ ಹೀಗೆ ಹೊರಬಿತ್ತು. ಎಸೆಯದೆ ಉಳಿಸಿದ ಒಂದು ತಲೆಯ ಬೆಲೆ ಅದು.

ರಾಯರ ಕಪ್ಪೆಗಳಿಗೆ ತಲೆಯೂ ಉಳಿಯಲಿಲ್ಲ, ಪಾದವೂ ಉಳಿಯಲಿಲ್ಲ. ಉಳಿದದ್ದು ಹೆಸರು. ಆದರೆ ಆ ಹೆಸರುಗಳಲ್ಲಿಯೇ ರಾಯರು, ತಮಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ, ದಾರಿ ತೋರಿಸುವ ಗುರುತುಗಳನ್ನು ಬಿಟ್ಟಿದ್ದರು. ಕೊಡಗಿನಲ್ಲಿ ಕಾವೇರಿಯ ಉಗಮಕ್ಕೆ ಹತ್ತಿರದ ಕಾಡಿನ ಜೌಗಿನಲ್ಲಿ ಸಿಕ್ಕ ಇರುಳುಗಪ್ಪೆಗೆ ಅವರಿಟ್ಟ ಹೆಸರು ಸ್ಯಾಂಕ್ಟಿಪಲುಸ್ಟ್ರಿಸ್. ಲ್ಯಾಟಿನ್ನಿನಲ್ಲಿ ಪವಿತ್ರ ಜೌಗಿನದು ಎಂದು ಅರ್ಥ. ಹಾಸನ ಜಿಲ್ಲೆಯ ಕೆಂಪುಹೊಳೆಯ ಕಪ್ಪೆ ಕೆಂಫೋಲೆಯೆನ್ಸಿಸ್ ಆಯಿತು. ಕೊಟ್ಟಿಗೆಹಾರದ ಕಪ್ಪೆ ಕೊಟ್ಟಿಗೆಹಾರೆನ್ಸಿಸ್. ಜೋಗದ ಕಪ್ಪೆಗೆ 1922ರಲ್ಲಿಯೇ ಮೈಸೂರೆನ್ಸಿಸ್ ಎಂದಿದ್ದರು. ಪಾಶ್ಚಾತ್ಯ ವಿದ್ವಾಂಸರು ತಮ್ಮ ದೊರೆಗಳ, ಗೆಳೆಯರ ಹೆಸರುಗಳನ್ನು ಧಾರಾಳವಾಗಿ ಇಡುತ್ತಿದ್ದ ಕಾಲದಲ್ಲಿ ರಾಯರು ಕನ್ನಡದ ಹಳ್ಳಿ ಹೊಳೆಗಳನ್ನು ಲ್ಯಾಟಿನ್ನಿನ ಅಂಗಿ ತೊಡಿಸಿ ಲೋಕಕ್ಕೆ ಕಳುಹಿಸಿದರು.

ಮೂಲ ಮಾದರಿ ನಾಶವಾದರೆ, ಅದೇ ಸ್ಥಳದಿಂದ ಅಥವಾ ಸಾಧ್ಯವಾದಷ್ಟು ಹತ್ತಿರದಿಂದ ಮತ್ತೊಂದು ಪ್ರಾಣಿಯನ್ನು ಆರಿಸಿ ಅದಕ್ಕೆ ಹಳೆಯ ಹೆಸರನ್ನು ಅಂಟಿಸಲು ಪ್ರಾಣಿಶಾಸ್ತ್ರದ ನಿಯಮಗಳಲ್ಲಿ ಅವಕಾಶವಿದೆ. ಅದಕ್ಕೆ ಸ್ಥಳ ಗೊತ್ತಿರಬೇಕು. ದೆಹಲಿ ವಿಶ್ವವಿದ್ಯಾನಿಲಯದ ಎಸ್. ಡಿ. ಬಿಜು ಮತ್ತು ಸಂಗಡಿಗರು ವರ್ಷಗಟ್ಟಲೆ ಪಶ್ಚಿಮ ಘಟ್ಟದ ಹಳ್ಳತೊರೆಗಳಲ್ಲಿ ಇರುಳು ಅಲೆದು, 2011ರಲ್ಲಿ ಹನ್ನೆರಡು ಹೊಸ ಇರುಳುಗಪ್ಪೆಗಳೊಂದಿಗೆ ಮೂರು ಹಳೆಯವುಗಳನ್ನೂ ಮತ್ತೆ ಕಂಡುಹಿಡಿದ ಸುದ್ದಿ ಪ್ರಕಟಿಸಿದರು. ಆ ಮೂರರಲ್ಲಿ ಕಾವೇರಿಯ ಪವಿತ್ರ ಜೌಗಿನ ಕಪ್ಪೆ ತೊಂಬತ್ತೊಂದು ವರ್ಷಗಳ ಬಳಿಕ ಕಾಣಿಸಿಕೊಂಡಿತ್ತು. ಕೆಂಪುಹೊಳೆಯ ಕಪ್ಪೆಯೂ ಅವುಗಳಲ್ಲಿ ಒಂದು. ಇದಕ್ಕೆ ಒಂದು ವರ್ಷ ಮೊದಲು, 2010ರಲ್ಲಿ, ಬಿಜು, ದ್ಯುಬುವಾ ಮೊದಲಾದವರು ಪೊದೆಗಪ್ಪೆಗಳ ಒಂದು ಕುಲಕ್ಕೆ ರಾವೋರ್ಕೆಸ್ಟಿಸ್ ಎಂದು ನಾರಾಯಣ ರಾಯರ ಹೆಸರನ್ನು ಸೇರಿಸಿಟ್ಟರು. ಸೀಸೆಗಳನ್ನು ಕಾಯದ ನಾಡಿಗೆ ಹೊರಗಿನಿಂದ ಬಂದ ಗೌರವ ಅದು.

ಕೊಟ್ಟಿಗೆಹಾರದ ಕಪ್ಪೆಯ ವಿಷಯ ಇನ್ನೂ ರಸವತ್ತಾದುದು. ಈ ಸಭೆಯಲ್ಲಿ ದಕ್ಷಿಣ ಕನ್ನಡದವರು ಬಹಳ ಮಂದಿ. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿನ್ನದವರು ಅವರಲ್ಲಿ ಕಡಮೆ. ಆ ಹೋಟೆಲುಗಳಿಗೆ ದೂರವಲ್ಲದ ತೊರೆಗಳಲ್ಲಿ, ನೀರು ಭೋರ್ಗರೆಯುವ ಕಲ್ಲುಗಳ ಮೇಲೆ, ಈ ಕಪ್ಪೆಯ ಬಂಧುಬಳಗವಿದೆ. ನೀರಿನ ಸದ್ದಿನಲ್ಲಿ ಕೂಗು ಕೇಳಿಸದೆಂದು ಗಂಡು ತನ್ನ ಹಿಂಗಾಲನ್ನು ನೀಳವಾಗಿ ಚಾಚಿ, ಪಾದದ ಪೊರೆಯನ್ನು ಬಾವುಟದಂತೆ ಬಿಚ್ಚಿ ಬೀಸುತ್ತದೆ. ಕುಣಿಯುವ ಕಪ್ಪೆಯೆಂದು ಹೆಸರು. 2014ರಲ್ಲಿ ಈ ಕುಲದಲ್ಲಿ ಹದಿನಾಲ್ಕು ಹೊಸ ಜಾತಿಗಳನ್ನು ಬಿಜು ಅವರ ತಂಡ ವರ್ಣಿಸಿತು. ಹೊಸತನ್ನು ಹೊಸತೆನ್ನಬೇಕಾದರೆ ಹಳತು ಯಾವುದೆಂದು ಮೊದಲು ಇತ್ಯರ್ಥವಾಗಬೇಕಲ್ಲವೇ? ಒಂದು ಸೀಸೆ ಬೀರುವಿನಲ್ಲಿ ಇದ್ದಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಮಳೆಗಾಲಗಳೇ ಬೇಕಾದವು. ಅಷ್ಟರಲ್ಲಿ ಎಷ್ಟು ತೊರೆಗಳ ಬದಿಯ ಕಾಡು ತೋಟವಾಯಿತು, ಎಷ್ಟು ರಸ್ತೆ ಅಗಲವಾಯಿತು! ಹೆಸರು ಇತ್ಯರ್ಥವಾಗದ ಪ್ರಾಣಿಯ ಪರವಾಗಿ ಯಾವ ಇಲಾಖೆಯ ಕಡತವೂ ತೆರೆಯುವುದಿಲ್ಲ.

ಈಗ ನಮ್ಮ ಕಾಲೇಜುಗಳ ಮಾತು. ಪದವಿ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ದು ಕಲಿಯುವುದನ್ನು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2011ರಲ್ಲಿ ಮಿತಿಗೊಳಿಸಿ 2014ರಲ್ಲಿ ನಿಲ್ಲಿಸಿತು. ಕಪ್ಪೆಗಳ ದೃಷ್ಟಿಯಿಂದ ಇದು ಒಳ್ಳೆಯದೇ. ನಮ್ಮ ಪೀಳಿಗೆ ಕೊಯ್ದ ಕಪ್ಪೆಗಳ ಲೆಕ್ಕ ಯಮಧರ್ಮನಲ್ಲಿರಬಹುದು. ಆದರೆ ಕೊಯ್ಯುವುದು ನಿಂತ ಮೇಲೆ ಪ್ರಾಣಿಶಾಸ್ತ್ರ ವಿಭಾಗದ ಹಳೆಯ ಬೀರುಗಳನ್ನು ತೆರೆಯುವ ಕಾರಣವೂ ಕಡಮೆಯಾಯಿತು. ಹೊಸದಾಗಿ ಹಿಡಿದು ತರುವಂತಿಲ್ಲ, ಹಿಡಿಯಬೇಕೂ ಇಲ್ಲ. ಆದ್ದರಿಂದಲೇ ಇರುವ ಸೀಸೆಗಳಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿದೆ. ಐವತ್ತು ಅರುವತ್ತು ವರ್ಷಗಳ ಹಿಂದೆ ಯಾವುದೋ ಕೆರೆಯಲ್ಲಿ ಹಿಡಿದ ಮೀನು, ಆ ಕೆರೆ ಬಡಾವಣೆಯಾದ ಮೇಲೆ, ಆ ಕೆರೆಯ ಏಕೈಕ ದಾಖಲೆ.

ಗಲ್ಫಿನಲ್ಲಿರುವ ನಾವು ಓದಿದ ಕಾಲೇಜುಗಳಿಗೆ ಹಣ ಕಳುಹಿಸುವವರೇ. ರಂಗಮಂದಿರಕ್ಕೆ, ಕಮಾನಿಗೆ, ಹೆಸರು ಕೆತ್ತಿದ ಕಲ್ಲಿಗೆ ದಾನಿಗಳು ಸಿಗುತ್ತಾರೆ. ಆಲ್ಕೊಹಾಲಿಗೆ, ಬಿಗಿಯಾದ ಮುಚ್ಚಳಕ್ಕೆ, ನೀರಿಗೆ ಅಳಿಯದ ಮಸಿಗೆ, ಸೀಸೆಗಳ ಪಟ್ಟಿ ಮಾಡುವ ಒಬ್ಬ ಹುಡುಗನ ಸಂಬಳಕ್ಕೆ ಕೇಳಿದವರೂ ಇಲ್ಲ, ಕೊಟ್ಟವರೂ ಇಲ್ಲ. ಆ ಖರ್ಚು ಕಮಾನಿನ ಸುಣ್ಣಬಣ್ಣಕ್ಕಿಂತ ಹೆಚ್ಚೇನೂ ಆಗದು.

ಬರುವ ರಜೆಯಲ್ಲಿ ತಾವು ಊರಿಗೆ ಹೋದಾಗ, ಮಂಗಳೂರಾಗಲಿ ಧಾರವಾಡವಾಗಲಿ ಶಿವಮೊಗ್ಗವಾಗಲಿ, ತಾವು ಓದಿದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಒಂದು ಗಳಿಗೆ ಹೋಗಿ ಬನ್ನಿ. ಬೀರು ತೆರೆಯಿಸಿ. ಸೀಸೆಯಲ್ಲಿ ದ್ರವ ಎಷ್ಟಿದೆ ನೋಡಿ, ಚೀಟಿ ಓದಿ. ಊರಿನ ಹೆಸರು, ದಿನಾಂಕ, ಹಿಡಿದವರ ಹೆಸರು ಇದ್ದರೆ ಅವರ ಒಪ್ಪಿಗೆ ಪಡೆದು ಬರೆದುಕೊಂಡು ಬನ್ನಿ. ಅವುಗಳನ್ನು ಇದೇ ಸಭೆಯಲ್ಲಿ ಓದಿ ಹೇಳುವ ಕೆಲಸಕ್ಕೆ ನಾವು ಸಿದ್ಧರಿದ್ದೇವೆ.