ಕನಿಷ್ಠದಂಡದ ವಿಚಾರ: ಮಿತಾಕ್ಷರೆಯಿಂದ ಮಾದಕವಸ್ತುಗಳ ಶಾಸನದವರೆಗೆ

ಕಲಬುರಗಿ ಜಿಲ್ಲೆಯ ತೆಂಗಳಿಯ ಸುತ್ತಣ ನಾಡು ದಂಡನೀತಿಯ ಚರಿತ್ರೆಯಲ್ಲಿ ಅಪ್ರಸಿದ್ಧವಾದುದಲ್ಲ. ಮಿತಾಕ್ಷರಾಕಾರನಾದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (ಕ್ರಿ. ಶ. 1076–1126) ಕಲ್ಯಾಣದಲ್ಲಿದ್ದವನು, ಶಹಾಬಾದಿನ ಬಳಿಯ ಮರ್ತೂರು ಅವನ ಊರೆಂದು ಆ ಪ್ರಾಂತದವರು ಹೇಳುವರು. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಉತ್ತಮ, ಮಧ್ಯಮ, ಅಧಮ ಸಾಹಸದಂಡಗಳು ಕ್ರಮವಾಗಿ 1080, 540, 270 ಪಣಗಳೆಂದು ನಿಯತವಾಗಿವೆ. ಆದರೆ ಈ ಸಂಖ್ಯೆಗಳನ್ನು ಹೇಳಿದ ಬೆನ್ನಲ್ಲಿಯೇ ಸ್ಮೃತಿಯು, ಅಪರಾಧ, ದೇಶ, ಕಾಲ, ಬಲ, ವಯಸ್ಸು, ಕರ್ಮ, ವಿತ್ತ ಇವೇಳನ್ನೂ ಅರಿತು ದಂಡವನ್ನು ವಿಧಿಸತಕ್ಕದ್ದೆಂದು ರಾಜನನ್ನು ಕಟ್ಟುಪಡಿಸುತ್ತದೆ. ಆ ಕಾಲದ ದಂಡವು ಮೃದುವಾಗಿದ್ದಿತೆಂದಾಗಲಿ ವರ್ಣಭೇದದಿಂದ ಮುಕ್ತವಾಗಿದ್ದಿತೆಂದಾಗಲಿ ಇದರಿಂದ ಹೇಳಲಾಗದು. ಅಂಗಚ್ಛೇದವೂ ಆ ಗ್ರಂಥಗಳಲ್ಲಿಯೇ ಇದೆ. ಗಮನಿಸತಕ್ಕ ಅಂಶವಿಷ್ಟೇ: ಪ್ರಮಾಣವು ನಿಯತವಾಗಿದ್ದರೂ ಅದನ್ನು ಪ್ರಯೋಗಿಸುವ ವಿವೇಕವು ನಿರ್ಣಯ ಮಾಡುವವನಲ್ಲಿಯೇ ಉಳಿದಿದ್ದಿತು.

ಆಂಗ್ಲರ ಆಳಿಕೆಯಲ್ಲಿ ಗಾಂಜಾ, ಭಂಗಿ, ಚರಸ್ಸುಗಳನ್ನು ಕುರಿತು 1893–94ರಲ್ಲಿ ವಿಚಾರಣೆ ನಡೆಯಿಸಿದ ಆಯೋಗವು ಪೂರ್ಣನಿಷೇಧವು ಉಚಿತವಲ್ಲವೆಂದು ಅಭಿಪ್ರಾಯಪಟ್ಟಿತು. 1930ರ ಅಪಾಯಕರ ಔಷಧಗಳ ಶಾಸನದಲ್ಲಿ ಮೊದಲ ಅಪರಾಧಕ್ಕೆ ಮೂರು ವರ್ಷ, ಪುನರಪರಾಧಕ್ಕೆ ನಾಲ್ಕು ವರ್ಷಗಳ ಪರಮಾವಧಿ ಇದ್ದಿತು, ಕನಿಷ್ಠವೆಂಬುದೇ ಇರಲಿಲ್ಲ. 1985ರ ಆಗಸ್ಟ್ 23ರಂದು ಲೋಕಸಭೆಯ ಮುಂದೆ ಬಂದ ಹೊಸ ಮಸೂದೆಯು ಆ ವರ್ಷದ ನವೆಂಬರ್ 14ಕ್ಕೆ ಶಾಸನವಾಗಿ ಜಾರಿಗೆ ಬಂದಿತು. ಇಷ್ಟು ದೊಡ್ಡ ಬದಲಾವಣೆಗೆ ಇಷ್ಟು ಕಿರಿದಾದ ಅವಧಿ ಆಶ್ಚರ್ಯಕರವಾದುದು. ಅಫೀಮು, ಹೆರಾಯಿನ್, ಚರಸ್ಸುಗಳ ವ್ಯವಹಾರಕ್ಕೆ, ತೂಕವೆಷ್ಟೇ ಇರಲಿ, ಹತ್ತು ವರ್ಷಗಳ ಕಠಿಣ ಸಜೆ ಕನಿಷ್ಠವಾಯಿತು. ಸ್ವಂತ ಉಪಯೋಗದ ಅಲ್ಪಪ್ರಮಾಣಕ್ಕೆ ಮಾತ್ರ ಪ್ರತ್ಯೇಕ ವಿಧಿಯಿದ್ದಿತು.

2001ರ ತಿದ್ದುಪಡಿಯು ಈ ಬಿಗಿಯನ್ನು ಸಡಿಲಿಸಿತೆಂದು ಸಾಮಾನ್ಯವಾಗಿ ಹೇಳುವರು. ಅಲ್ಪ, ಮಧ್ಯಮ, ವಾಣಿಜ್ಯವೆಂದು ಪ್ರಮಾಣಭೇದವನ್ನು ಕಲ್ಪಿಸಿದ್ದು ನಿಜ. ಆದರೆ ಗಾಂಜಾದ ವಿಷಯದಲ್ಲಿ ಫಲವು ವಿಪರೀತವಾಯಿತು. 1985ರಲ್ಲಿ ಗಾಂಜಾಕ್ಕೆ ಐದು ವರ್ಷಗಳೇ ಪರಮಾವಧಿ. 2001ರ ಬಳಿಕ 20 ಕಿಲೋಗ್ರಾಮನ್ನು ಮೀರಿದರೆ ಹತ್ತು ವರ್ಷಗಳೇ ಕನಿಷ್ಠ, ಅದರೊಡನೆ ಒಂದು ಲಕ್ಷ ರೂಪಾಯಿಗೆ ಕಡಮೆಯಿಲ್ಲದ ಜುಲ್ಮಾನೆ. ಜಾಮೀನಿನ ಬಾಗಿಲೂ ಅಲ್ಲಿಗೆ ಕಿರಿದಾಗುತ್ತದೆ.

ತೊಗರಿಯ ಸಾಲುಗಳ ನಡುವೆ ಗಾಂಜಾ ಗಿಡ ಸಿಕ್ಕಿತೆಂಬ ಮೊಕದ್ದಮೆಗಳು ಹುಟ್ಟುವ ಈ ಸೀಮೆಯಲ್ಲಿ ಇದರ ಭಾರವು ಪ್ರತ್ಯಕ್ಷವಾದುದು. ನಿಂತ ಗಿಡದ ಸಾಗುವಳಿಗೆ ಹತ್ತು ವರ್ಷಗಳ ಪರಮಾವಧಿಯುಂಟು, ಕನಿಷ್ಠವಿಲ್ಲ. ಕಿತ್ತು ಕೂಡಿಟ್ಟ ಸರಕಿಗಾದರೋ ತೂಕವೇ ಸರ್ವಸ್ವ. ಶಾಸನವು ಕೊಡುವ ಲಕ್ಷಣದಂತೆ ಗಾಂಜಾವೆಂದರೆ ಹೂ ಅಥವಾ ಕಾಯಿ ಹಿಡಿದ ತುದಿ. ತುದಿಯ ಸಂಗಡವಿಲ್ಲದ ಎಲೆಬೀಜಗಳು ಅದರಲ್ಲಿ ಸೇರವು. ಬೇರು, ಕಾಂಡ, ಹಸಿ ಎಲೆಗಳ ಸಮೇತ ಗಿಡವನ್ನೇ ತಕ್ಕಡಿಗೆ ಹಾಕಿದರೆ ಲಕ್ಷಣಕ್ಕೆ ಅತಿವ್ಯಾಪ್ತಿದೋಷ ಬರುವುದು. ತರ್ಕಶಾಲೆಯಲ್ಲಿ ಅತಿವ್ಯಾಪ್ತಿಗೆ ಗುರುಗಳ ಗದರಿಕೆಯೇ ಶಿಕ್ಷೆ. ಇಲ್ಲಿ 19 ಕಿಲೋ 21 ಆದರೆ ಒಬ್ಬನ ಹತ್ತು ವರ್ಷಗಳು ಹೋಗುವುವು. ಮಿಶ್ರಣದ ವಿಷಯದಲ್ಲಿಯೂ ಇದೇ ಕ್ಲೇಶ. ಶುದ್ಧ ಮಾದಕಾಂಶವನ್ನೇ ಎಣಿಸತಕ್ಕದ್ದೆಂದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತ್ತು. 2009ರ ಅಧಿಸೂಚನೆ ಅದನ್ನು ತಿರುಗಿಸಿತು. 2020ರ ಹೀರಾಸಿಂಗ್ ಪ್ರಕರಣದಲ್ಲಿ ಆ ನ್ಯಾಯಾಲಯವೇ ಬೆರಕೆಯ ಪೂರ್ಣತೂಕವನ್ನು ಎತ್ತಿಹಿಡಿಯಿತು.

ಕೆಲವು ಪುನರಪರಾಧಗಳಿಗೆ 1989ರಲ್ಲಿ ಸೇರಿಸಿದ ಅನಿವಾರ್ಯ ಮರಣದಂಡನೆಯನ್ನು 2011ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ನ್ಯಾಯಾಧೀಶನ ವಿವೇಚನೆಗೆ ಒಳಪಡಿಸಿತು. 2014ರಲ್ಲಿ ಸಂಸತ್ತೂ ಅದನ್ನೇ ಅಂಗೀಕರಿಸಿತು. ಪ್ರಾಣದ ವಿಷಯದಲ್ಲಿ ಮರಳಿ ಬಂದ ವಿವೇಕವು ಹತ್ತು ವರ್ಷಗಳ ವಿಷಯದಲ್ಲಿ ಬಂದಿಲ್ಲ. 2021ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯದ ಸಚಿವಾಲಯದಿಂದ ಹೊರಟ ಸಲಹೆಯು ಅಲ್ಪಪ್ರಮಾಣವನ್ನು ಸ್ವಂತಕ್ಕಾಗಿ ಇಟ್ಟುಕೊಂಡವರನ್ನು ಚಿಕಿತ್ಸೆಗೆ ಕಳುಹಿಸುವುದಕ್ಕೆ ಸಂಬಂಧಿಸಿದ್ದು; ಕೂಲಿಗಾಗಿ ಮೂಟೆ ಹೊತ್ತವನ ಪ್ರಶ್ನೆ ಬೇರೆ.

ತಿದ್ದುಪಡಿಯು ಕೈಯಿಡಬೇಕಾದ ಸ್ಥಳವು 32-ಬಿ ಪ್ರಕರಣವೆಂದು ತೋರುತ್ತದೆ. ಕನಿಷ್ಠಕ್ಕಿಂತ ಹೆಚ್ಚು ದಂಡಿಸಲು ನ್ಯಾಯಾಧೀಶನು ನೋಡಬಹುದಾದ ಸಂಗತಿಗಳನ್ನು ಅದು ಎಣಿಸುತ್ತದೆ: ಆಯುಧಪ್ರಯೋಗ, ಅಧಿಕಾರಸ್ಥಾನದ ದುರುಪಯೋಗ, ಬಾಲಕರ ಬಳಕೆ, ವಿದ್ಯಾಸಂಸ್ಥೆಯ ಸಾಮೀಪ್ಯ ಇತ್ಯಾದಿ. ಎಲ್ಲವೂ ಮೇಲೇರುವ ಮೆಟ್ಟಿಲುಗಳೇ. ವಯಸ್ಸು, ಬಲ, ವಿತ್ತಗಳನ್ನು ನೋಡಿ ಇಳಿಯುವುದಕ್ಕೆ ಒಂದೂ ಇಲ್ಲ. ಇದು ಭಾರತೀಯ ಶಾಸನಪದ್ಧತಿಗೆ ಅಸಾಧ್ಯವಾದುದೇನಲ್ಲ. 1947ರ ಲಂಚನಿರೋಧ ಶಾಸನದಲ್ಲಿ ಮುಂದೆ ಸೇರಿದ ಒಂದು ವರ್ಷದ ಕನಿಷ್ಠದೊಡನೆಯೇ, ವಿಶೇಷ ಕಾರಣಗಳನ್ನು ಬರೆದಿಟ್ಟು ಅದಕ್ಕಿಂತ ಕಡಮೆ ದಂಡವನ್ನು ವಿಧಿಸುವ ಅವಕಾಶವೂ ಇದ್ದಿತು.