ರಕ್ತನಾಳಕ್ಕೆ ಹೊಕ್ಕ ಗಾಳಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರು ಸಿ.ಟಿ. ಸ್ಕ್ಯಾನ್‌ಗೆಂದು ಮಂಗಳೂರಿಗೋ ದೇರಳಕಟ್ಟೆಗೋ ಹೋಗುವುದು ಇಂದು ಹೊಸತೇನಲ್ಲ. ಆದರೆ ಕಾಂಟ್ರಾಸ್ಟ್ ಇಂಜೆಕ್ಷನ್‌ಗೆ ಒಪ್ಪಿಗೆಯ ಸಹಿ ಕೇಳಿದಾಗ ಮನೆಮಂದಿಯ ಎದೆ ಡವಗುಟ್ಟುತ್ತದೆ. ನಳಿಗೆಯಲ್ಲೊಂದು ಗುಳ್ಳೆ ಕಂಡರಂತೂ ಜೀವಕ್ಕೇ ಸಂಚಕಾರವೆಂಬ ಭಯ. ಈ ಭಯದಲ್ಲಿ ನಿಜವೆಷ್ಟು?

ಒಂದು ಕಾಲದಲ್ಲಿ ವೈದ್ಯರು ಬೇಕೆಂದೇ ದೇಹಕ್ಕೆ ಗಾಳಿ ತುಂಬುತ್ತಿದ್ದರು. 1918ರಲ್ಲಿ ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ಮಿದುಳಿನ ಕುಹರಗಳಿಗೆ ಗಾಳಿ ಸೇರಿಸಿ ಎಕ್ಸ್‌ರೇ ತೆಗೆದರು. ಅಂದು ಗಾಳಿಯೇ ಕಾಂಟ್ರಾಸ್ಟ್. ಈ ಬಗೆಯ ಪರೀಕ್ಷೆಗಳಲ್ಲಿ ರೋಗಿ ಅನುಭವಿಸುತ್ತಿದ್ದ ತಲೆನೋವು, ವಾಂತಿ ಅಷ್ಟಿಷ್ಟಲ್ಲ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್‌ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್‌ರ ಯಂತ್ರ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿತು. ಕ್ರಮೇಣ ಆ ಯಾತನೆ ತಪ್ಪಿತು. ಈಗ ಅಯೋಡಿನ್ ಬೆರೆತ ದ್ರವವನ್ನು ಯಂತ್ರವೇ ವೇಗವಾಗಿ ರಕ್ತನಾಳಕ್ಕೆ ತಳ್ಳುತ್ತದೆ. ಸಿರಿಂಜಿನಲ್ಲೋ ನಳಿಗೆಯಲ್ಲೋ ಉಳಿದ ಗಾಳಿಯೂ ಅದರೊಂದಿಗೆ ಒಳಹೋಗಬಹುದು.

ಒಳಹೊಕ್ಕ ಗಾಳಿ ಎಲ್ಲಿಗೆ ಹೋಗುತ್ತದೆ? ಹೃದಯದ ಬಲಭಾಗದ ರಕ್ತ ಶ್ವಾಸಕೋಶವನ್ನು ಹಾದೇ ಎಡಭಾಗ ಸೇರುತ್ತದೆಂದು 13ನೇ ಶತಮಾನದಲ್ಲೇ ಬರೆದಿಟ್ಟವರು ಕೈರೋದ ವೈದ್ಯ ಇಬ್ನುನ್ನಫೀಸ್. ಕೈಯ ನಾಳದಿಂದ ಹೊರಟ ಗುಳ್ಳೆಯದೂ ಅದೇ ದಾರಿ. ಸಣ್ಣದಾದರೆ ಶ್ವಾಸಕೋಶದಲ್ಲೇ ಸಿಕ್ಕಿ ಕರಗಿಹೋಗುತ್ತದೆ. ಇಂತಹ ಗುಳ್ಳೆಗಳು ಸ್ಕ್ಯಾನ್ ಚಿತ್ರಗಳಲ್ಲಿ ಆಗಾಗ ಕಾಣುತ್ತವೆ. ಬಹುಪಾಲು ಮಂದಿಗೆ ಅದರಿಂದ ಏನೂ ಆಗುವುದಿಲ್ಲ. ವಯಸ್ಕರಲ್ಲಿ ಸುಮಾರು 200ರಿಂದ 300 ಮಿ.ಲೀ. ಗಾಳಿ ಒಮ್ಮೆಲೇ ನುಗ್ಗಿದರೆ ಪ್ರಾಣಾಪಾಯವೆಂದು ಅಂದಾಜು. ಹಾಗೆಂದು ಉದಾಸೀನ ಸಲ್ಲದು. ಸುಮಾರು ನಾಲ್ವರಲ್ಲಿ ಒಬ್ಬರ ಹೃದಯದ ಮೇಲಿನ ಕೋಣೆಗಳ ನಡುವೆ ಹುಟ್ಟಿನಿಂದಲೇ ಸಣ್ಣ ಕಿಂಡಿ ಉಳಿದಿರುತ್ತದೆ. ಅದರ ಮೂಲಕ ಸ್ವಲ್ಪವೇ ಗಾಳಿ ದಾಟಿ ಮಿದುಳಿಗೆ ಹೋದರೂ ಪಾರ್ಶ್ವವಾಯು ಬಡಿಯಬಹುದು.

ಇಂಜೆಕ್ಷನ್ ಕೊಟ್ಟೊಡನೆ ಮೈ ಬಿಸಿಯೇರುವುದು ಔಷಧಿಯ ಸ್ವಭಾವ; ಅದಕ್ಕೆ ಗಾಬರಿ ಬೇಡ. ಉಸಿರುಗಟ್ಟಿದರೆ, ಎದೆ ನೋವಾದರೆ, ಕೈಕಾಲು ಸೋತರೆ ಮಾತ್ರ ಸಂಕೋಚವಿಲ್ಲದೆ ಕೂಗಿ ಹೇಳಬೇಕು. ಗಾಳಿ ಹೊಕ್ಕಿರುವ ಸಂಶಯ ಬಂದರೆ ಸಿಬ್ಬಂದಿ ಇಂಜೆಕ್ಷನ್ ನಿಲ್ಲಿಸಿ, ಆಮ್ಲಜನಕ ಕೊಟ್ಟು, ಸಾಮಾನ್ಯವಾಗಿ ರೋಗಿಯನ್ನು ಎಡಮಗ್ಗುಲಿಗೆ ಮಲಗಿಸುತ್ತಾರೆ. ಗಾಳಿ ಶ್ವಾಸಕೋಶದತ್ತ ನುಗ್ಗದಿರಲೆಂದು ಈ ಉಪಾಯ.

ದೊಡ್ಡ ಆಸ್ಪತ್ರೆಯ ಎದುರು ನಮ್ಮ ಹಳ್ಳಿಯ ಜನ ಬಾಯಿ ಬಿಡಲು ಹಿಂಜರಿಯುತ್ತಾರೆ. 'ನಳಿಗೆಯ ಗಾಳಿ ತೆಗೆದಿದ್ದೀರಾ?' ಎಂದು ಕೇಳುವುದು ಉದ್ಧಟತನವಲ್ಲ, ರೋಗಿಯ ಹಕ್ಕು. ಭಯಪಟ್ಟು ಬೇಕಾದ ಸ್ಕ್ಯಾನನ್ನೇ ಬಿಟ್ಟು ಬಂದರೆ, ಗುಳ್ಳೆಗಿಂತ ದೊಡ್ಡ ಅಪಾಯವನ್ನು ನಾವೇ ಮನೆಗೆ ಕರೆತಂದಂತೆ.