ಬೆಟ್ಟದ ಮಾತಿಗೆ ಕಿವಿಗೊಟ್ಟ ವಿದ್ವಾಂಸ ಎಮೆನೊ

ನಮ್ಮ ಮುಂಬಯಿಯ ಮನೆಗಳಲ್ಲಿ ಮಕ್ಕಳು ‘ಚಹಾ-ಬಿಹಾ’ ಎನ್ನುತ್ತಾರೆ. ಊರಿನಿಂದ ಬಂದ ಅಜ್ಜಿ ‘ಚಹಾ-ಗಿಹಾ ಅನ್ನಬೇಕು ಮಗೂ’ ಎಂದು ತಿದ್ದುತ್ತಾರೆ. ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಈ ‘ಗಿ’, ‘ಬಿ’ಗಳ ಹಿಂದೆ ಭಾರತದ ಭಾಷೆಗಳ ದೊಡ್ಡ ಚರಿತ್ರೆಯೇ ಇದೆಯೆಂದು ತೋರಿಸಿದವರಲ್ಲಿ ಮರ್ರೆ ಬಿ. ಎಮೆನೊ ಪ್ರಮುಖರು.

ಎಮೆನೊ ಹುಟ್ಟಿದ್ದು 1904ರಲ್ಲಿ, ಕೆನಡಾದ ಲೂನೆನ್‌ಬರ್ಗ್ ಎಂಬ ಕಡಲತೀರದ ಊರಿನಲ್ಲಿ. ಆಕ್ಸ್‌ಫರ್ಡಿನಲ್ಲಿ ಓದಿ, ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸಂಸ್ಕೃತದ ವೇತಾಲ ಕಥೆಗಳನ್ನು ಕುರಿತು 1931ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿ ಎಡ್ವರ್ಡ್ ಸಪೀರ್ ಅವರಿಂದ ಹೊಸ ವಿದ್ಯೆಯೊಂದನ್ನು ಕಲಿತರು. ಒಂದು ಭಾಷೆಯನ್ನು ಸಂಸ್ಕೃತದ ಅಥವಾ ಲ್ಯಾಟಿನ್ನಿನ ಅಚ್ಚಿಗೆ ಬಡಿಯದೆ, ಆಡುವವರ ಬಾಯಿಂದಲೇ ಕೇಳಿ, ಅದರ ರಚನೆಯನ್ನು ಅದರೊಳಗಿಂದಲೇ ಕಂಡುಕೊಳ್ಳುವುದು ಆ ವಿದ್ಯೆ.

1935ರಲ್ಲಿ ಭಾರತಕ್ಕೆ ಬಂದ ಅವರು ಸುಮಾರು ಮೂರು ವರ್ಷ ಇಲ್ಲಿದ್ದರು. ನೀಲಗಿರಿಯಲ್ಲಿ ತೋಡ, ಕೋತ ಭಾಷೆಗಳನ್ನೂ ಕನ್ನಡಕ್ಕೆ ತೀರ ಹತ್ತಿರದ ಬಡಗವನ್ನೂ ಕೇಳಿ ಬರೆದುಕೊಂಡರು. ಕೊಡವರ ಮಾತನ್ನೂ ಅಭ್ಯಾಸ ಮಾಡಿದರು. ಸಾಹಿತ್ಯವಿಲ್ಲದ ಮಾತೆಂದು ಪಂಡಿತರು ಬದಿಗಿಟ್ಟಿದ್ದ ಭಾಷೆಗಳಿವು. ಕೋತರ ಕಥೆಗಳು 1944-46ರಲ್ಲಿ, ತೋಡರ ಹಾಡುಗಳು 1971ರಲ್ಲಿ ಅವರಿಂದಾಗಿ ಗ್ರಂಥರೂಪ ಕಂಡವು.

ಆಕ್ಸ್‌ಫರ್ಡಿನ ಥಾಮಸ್ ಬರೋ ಅವರೊಡನೆ ಸೇರಿ 1961ರಲ್ಲಿ ಹೊರತಂದ ದ್ರಾವಿಡ ಜ್ಞಾತಿಪದಕೋಶ ಅವರ ಮಹತ್ಕಾರ್ಯ. 1984ರ ಎರಡನೆಯ ಆವೃತ್ತಿಯಲ್ಲಿ 5,500ಕ್ಕೂ ಹೆಚ್ಚು ನಮೂದುಗಳಿವೆ. ನಮ್ಮ ‘ಹಾಲು’ ಪದವನ್ನೇ ಹುಡುಕಿದರೆ ತಮಿಳಿನ ‘ಪಾಲ್’, ತೆಲುಗಿನ ‘ಪಾಲು’, ತುಳುವಿನ ‘ಪೇರ್’, ಹಳಗನ್ನಡದ ‘ಪಾಲ್’ ಎಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಕೋತ, ತೋಡ ಪದಗಳಿಗೂ ಆ ಪಂಕ್ತಿಯಲ್ಲಿ ಸಮಾನ ಎಲೆ.

1956ರಲ್ಲಿ ಅವರು ‘ಭಾರತ ಒಂದು ಭಾಷಾ ಪ್ರದೇಶ’ ಎಂಬ ಅರ್ಥದ ಹೆಸರಿನ ಪ್ರಬಂಧ ಬರೆದರು. ಮರಾಠಿ, ಹಿಂದಿಗಳು ಒಂದು ಕುಲ. ಕನ್ನಡ, ತಮಿಳುಗಳು ಇನ್ನೊಂದು. ಆದರೂ ಟ, ಡ, ಣಗಳಂತಹ ಮೂರ್ಧನ್ಯಗಳು ಎರಡರಲ್ಲೂ ಇವೆ. ನಾವು ‘ಉಂಡು ಬಂದೆ’ ಎಂದಂತೆಯೇ ಮರಾಠಿಯವರು ‘ಜೇವೂನ್ ಆಲೋ’ ಎನ್ನುತ್ತಾರೆ. ಪ್ರತಿಧ್ವನಿ ಪದಗಳೂ ಹಾಗೆಯೇ: ನಮ್ಮದು ‘ಗಿ’, ಮರಾಠಿಯದು ‘ಬಿ’. ಇದು ಹುಟ್ಟಿನಿಂದ ಬಂದ ಹೋಲಿಕೆಯಲ್ಲ, ನೆರೆಯಿಂದ ಬಂದದ್ದು. ಎರಡು ಭಾಷೆ ಬಲ್ಲವರು ಸಾವಿರಾರು ವರ್ಷ ಒಟ್ಟಿಗೆ ಬಾಳಿದ್ದರ ಫಲ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಭಾಷಾವಿಜ್ಞಾನ ವಿಭಾಗವನ್ನು ಕಟ್ಟಿದವರೂ ಎಮೆನೊ ಅವರೇ. ಅಲ್ಲಿ ಓದಿದ ವಿಲಿಯಂ ಬ್ರೈಟ್ ಬರೆದ ಆಡುಗನ್ನಡದ ವ್ಯಾಕರಣವನ್ನು ಪುಣೆಯ ಡೆಕ್ಕನ್ ಕಾಲೇಜು 1958ರಲ್ಲಿ ಪ್ರಕಟಿಸಿತು. ಕನ್ನಡದ ಆಡುಮಾತು ಮರಾಠಿ ನಾಡಿನ ಸಂಸ್ಥೆಯಿಂದ ಗ್ರಂಥವಾಗಿ ಬಂದದ್ದು ನಮಗೆ ಹೆಮ್ಮೆಯ ವಿಷಯ. ಎಮೆನೊ 2005ರಲ್ಲಿ, ತಮ್ಮ 101ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮಕ್ಕಳ ‘ಬಿಹಾ’ ಕೇಳಿ ಕನ್ನಡ ಕೆಟ್ಟಿತೆಂದು ನಾವು ಅಂಜಬೇಕಾಗಿಲ್ಲ. ಆದರೆ ಒಂದು ಮಾತು ನೆನಪಿಡೋಣ: ಭಾಷೆಗಳನ್ನು ನೆಂಟರನ್ನಾಗಿಸಿದವರು ಎರಡನ್ನೂ ಉಳಿಸಿಕೊಂಡವರು, ಒಂದನ್ನು ಬಿಟ್ಟುಕೊಟ್ಟವರಲ್ಲ. ಮಗು ಬೀದಿಯಲ್ಲಿ ‘ಬಿ’ ಎನ್ನಲಿ. ಮನೆಯಲ್ಲಿ ‘ಗಿ’ ಹೇಳಿಕೊಡಲು ಅಜ್ಜಿ ಇದ್ದಾರೆ. ಅಜ್ಜಿಯ ನಂತರ ಆ ಕೆಲಸ ನಮ್ಮದು.